ಬಲಗೈಯ ಮಾನ, ಎಡಗೈಯ ಪಾಲು

ಮನೆಯಲ್ಲಿ ಮಗುವೊಂದು ಮೊದಲ ಸಲ ಎಡಗೈಯಲ್ಲಿ ಬಳಪ ಹಿಡಿದಾಗ ದೊಡ್ಡವರ ಮುಖದಲ್ಲಿ ಸಣ್ಣದೊಂದು ಕಳವಳ ಸುಳಿಯುತ್ತದೆ. ಅಜ್ಜಿ ಬಳಪವನ್ನು ಮೆಲ್ಲನೆ ಬಿಡಿಸಿ ಬಲಗೈಗೆ ಇಡುತ್ತಾಳೆ. ಮಗು ಅದನ್ನು ಮತ್ತೆ ಎಡಗೈಗೆ ಬದಲಾಯಿಸಿಕೊಳ್ಳುತ್ತದೆ. ಈ ಜಗ್ಗಾಟ ಕೆಲವು ವಾರ ನಡೆದು, ಕೆಲವು ಮನೆಗಳಲ್ಲಿ ಅಜ್ಜಿ ಸೋಲುತ್ತಾಳೆ, ಕೆಲವು ಮನೆಗಳಲ್ಲಿ ಮಗು ಸೋಲುತ್ತದೆ. ಇದನ್ನೊಂದು ನೈತಿಕ ಪ್ರಶ್ನೆಯೆಂದು ಯಾರೂ ಭಾವಿಸುವುದಿಲ್ಲ. ಆದರೂ ನೀತಿಶಾಸ್ತ್ರದ ಬಹು ಹಳೆಯ ಪ್ರಶ್ನೆಯೊಂದು ಆ ಪುಟ್ಟ ಬಳಪದ ಸುತ್ತ ನಿಂತಿದೆ. ಪ್ರಕೃತಿ ಕೊಟ್ಟದ್ದು ಎಲ್ಲಿ ಮುಗಿಯುತ್ತದೆ, ನಾವು ಹೇರಿದ್ದು ಎಲ್ಲಿ ಆರಂಭವಾಗುತ್ತದೆ? ಬಲವುಳ್ಳದ್ದು, ಬಲವುಳ್ಳದ್ದೆಂಬ ಒಂದೇ ಕಾರಣಕ್ಕೆ ಹೆಚ್ಚಿನ ಮರ್ಯಾದೆಗೆ ಅರ್ಹವೇ?

ಈ ಪ್ರಶ್ನೆಯನ್ನು ಕೈಯನ್ನೇ ಮುಂದಿಟ್ಟುಕೊಂಡು ಕೇಳಿದವರು ಗ್ರೀಕ್ ತತ್ತ್ವಜ್ಞಾನಿಗಳು. ಪ್ಲೇಟೊ ತನ್ನ ಇಳಿವಯಸ್ಸಿನ ಕೃತಿಯಾದ 'ಶಾಸನಗಳು' ಗ್ರಂಥದ ಏಳನೆಯ ಭಾಗದಲ್ಲಿ ಮಕ್ಕಳ ಶಿಕ್ಷಣವನ್ನು ಚರ್ಚಿಸುತ್ತಾ, ನಮ್ಮ ಎರಡು ಕೈಗಳ ನಡುವಿನ ಅಂತರಕ್ಕೆ ಪ್ರಕೃತಿ ಕಾರಣವಲ್ಲವೆಂದು ವಾದಿಸುತ್ತಾನೆ. ಕಾಲುಗಳ ಕೆಲಸದಲ್ಲಿ ಅಂಥ ಭೇದ ಕಾಣುವುದಿಲ್ಲ. ಕೈಗಳ ವಿಷಯದಲ್ಲಿ ಮಾತ್ರ ದಾದಿಯರ ಮತ್ತು ತಾಯಂದಿರ ಅವಿವೇಕದಿಂದ ನಾವೆಲ್ಲ ಒಂದು ರೀತಿಯಲ್ಲಿ ಹೆಳವರಾಗಿದ್ದೇವೆ ಎಂಬುದು ಅವನ ದೂರು. ಸಿಥಿಯನ್ನರು ಬಿಲ್ಲನ್ನೂ ಬಾಣವನ್ನೂ ಯಾವ ಕೈಯಲ್ಲಾದರೂ ಹಿಡಿಯಬಲ್ಲರು, ನಮ್ಮ ಮಕ್ಕಳೂ ಹಾಗೆಯೇ ಕಲಿಯಲಿ ಎನ್ನುತ್ತಾನೆ. ಕೇಳಲು ಇದು ಸಮಾನತೆಯ ಮಾತಿನಂತಿದೆ. ಆದರೆ ಅವನ ಕಾರಣವನ್ನು ಗಮನಿಸಬೇಕು. ಎಡಗೈಯ ಮೇಲಿನ ಕನಿಕರದಿಂದ ಅವನು ಹೀಗೆ ಹೇಳುತ್ತಿಲ್ಲ; ಯುದ್ಧಭೂಮಿಯಲ್ಲಿ ಎರಡೂ ಕಡೆಯಿಂದ ಹೋರಾಡುವ ಯೋಧ ನಗರಕ್ಕೆ ಹೆಚ್ಚು ಉಪಯುಕ್ತನೆಂಬುದು ಅವನ ಲೆಕ್ಕ. ಎಡಗೈಯನ್ನು ಇನ್ನೊಂದು ಬಲಗೈಯನ್ನಾಗಿ ಮಾಡುವುದು ಅವನ ಯೋಜನೆ.

ಅವನ ಶಿಷ್ಯ ಅರಿಸ್ಟಾಟಲ್ ಹೆಚ್ಚು ಎಚ್ಚರಿಕೆಯವನು. ನೀತಿಶಾಸ್ತ್ರದ ಐದನೆಯ ಪುಸ್ತಕದಲ್ಲಿ ಸಹಜ ನ್ಯಾಯವನ್ನೂ ಕಟ್ಟಳೆಯ ನ್ಯಾಯವನ್ನೂ ಬೇರ್ಪಡಿಸುವಾಗ ಅವನಿಗೆ ಉದಾಹರಣೆಯಾಗಿ ಒದಗಿದ್ದು ಕೈಯೇ. ಪ್ರಕೃತಿಯಿಂದ ಬಲಗೈ ಹೆಚ್ಚು ಶಕ್ತ, ಆದರೂ ಯಾರು ಬೇಕಾದರೂ ಅಭ್ಯಾಸದಿಂದ ಎರಡು ಕೈಗಳನ್ನೂ ಸಮಾನವಾಗಿ ಬಳಸಬಲ್ಲವರಾಗಬಹುದು ಎನ್ನುತ್ತಾನೆ. ಅಂದರೆ, ಸಹಜವಾದುದು ಬದಲಾಗದೆಂದೇನೂ ಇಲ್ಲ. ಬದಲಾಗಬಲ್ಲದ್ದೆಲ್ಲ ಕೃತಕವೂ ಅಲ್ಲ. ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ಈ ಸಾಲು ಬಂದಾಗ ನಾವು ವಿದ್ಯಾರ್ಥಿಗಳು ನಮ್ಮ ನಮ್ಮ ಕೈಗಳನ್ನು ನೋಡಿಕೊಂಡು ಮುಂದೆ ಸಾಗಿದ್ದೆವು. ಸಂತ ಥಾಮಸ್ ಅಕ್ವಿನಾಸರು ಈ ಭಾಗಕ್ಕೆ ವ್ಯಾಖ್ಯೆ ಬರೆಯುವಾಗ ಒಂದು ಸೂಕ್ಷ್ಮವನ್ನು ಸೇರಿಸುತ್ತಾರೆ: ನಮ್ಮಂಥ ಬದಲಾಗುವ ಜೀವಿಗಳಲ್ಲಿ ಸಹಜವಾದುದು ಬಹುಪಾಲು ಜನರಲ್ಲಿ ಒಂದು ರೀತಿ ಇದ್ದು, ಕೆಲವರಲ್ಲಿ ಬೇರೆ ರೀತಿ ಇರಬಹುದು. ಕೈಯ ವಿಷಯದಲ್ಲಿ ನಮ್ಮ ತಪ್ಪೆಲ್ಲ ಹುಟ್ಟುವುದು ಈ 'ಬಹುಪಾಲು' ಎಂಬ ಪದದ ಬಳಿ. ಬಹುಪಾಲು ಜನರಲ್ಲಿ ಇರುವುದನ್ನು ನಾವು ಎಲ್ಲರಲ್ಲೂ ಇರಬೇಕಾದದ್ದೆಂದು ಓದುತ್ತೇವೆ.

ಪ್ರಕೃತಿಯ ಪಾಲು ಎಷ್ಟೆಂಬುದನ್ನು ಇಂದು ನಾವು ಪ್ಲೇಟೊಗಿಂತ ಹೆಚ್ಚು ಖಚಿತವಾಗಿ ಹೇಳಬಲ್ಲೆವು. ಬೆಲ್‌ಫಾಸ್ಟಿನ ಪೀಟರ್ ಹೆಪ್ಪರ್ ಮತ್ತು ಸಂಗಡಿಗರು ತಾಯಿಯ ಗರ್ಭದಲ್ಲಿರುವ ಶಿಶುಗಳು ಯಾವ ಕೈಯ ಹೆಬ್ಬೆರಳನ್ನು ಚೀಪುತ್ತವೆ ಎಂಬುದನ್ನು ಸ್ಕ್ಯಾನಿಂಗ್ ಮೂಲಕ ನೋಡಿದರು. ಅವುಗಳಲ್ಲಿ 75 ಮಕ್ಕಳನ್ನು ಹತ್ತು ಹನ್ನೆರಡು ವರ್ಷಗಳ ಪ್ರಾಯದಲ್ಲಿ ಮತ್ತೆ ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಗರ್ಭದಲ್ಲಿ ಬಲ ಹೆಬ್ಬೆರಳು ಚೀಪುತ್ತಿದ್ದ 60 ಮಕ್ಕಳೂ ಬಲಗೈಯವರಾಗಿದ್ದರು. ಎಡ ಹೆಬ್ಬೆರಳು ಚೀಪುತ್ತಿದ್ದ 15 ಮಕ್ಕಳಲ್ಲಿ 10 ಮಂದಿ ಎಡಗೈಯವರು, 5 ಮಂದಿ ಬಲಗೈಯವರು. ಅಜ್ಜಿ ಬಳಪವನ್ನು ಬಿಡಿಸುವ ಎಷ್ಟೋ ಮೊದಲೇ, ದಾದಿಯ ಕಣ್ಣಿಗೂ ತಾಯಿಯ ಕಣ್ಣಿಗೂ ಕಾಣದ ಕತ್ತಲಲ್ಲಿ, ಒಲವು ಮೂಡಿರುತ್ತದೆ. ಪ್ಲೇಟೊನ ದಾದಿಯರಿಗೆ ಇದರಿಂದ ಖುಲಾಸೆ ಸಿಕ್ಕಿತೆನ್ನಬಹುದು. ಪೂರ್ಣ ಖುಲಾಸೆಯಲ್ಲ, ಏಕೆಂದರೆ ಆ ಐದು ಮಕ್ಕಳ ಕಥೆ ಬೇರೆಯಾಯಿತಲ್ಲ. 2020ರಲ್ಲಿ ಪ್ರಕಟವಾದ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನದ ಪ್ರಕಾರ ಎಡಗೈಯವರ ಪ್ರಮಾಣ ಶೇಕಡಾ 10.6. ನಲವತ್ತು ಮಕ್ಕಳ ತರಗತಿಯಲ್ಲಿ ಸುಮಾರು ನಾಲ್ವರು.

ಆ ನಾಲ್ವರು ಹುಟ್ಟಿದ ಭಾಷೆಯೇ ಅವರ ವಿರುದ್ಧ ಸಾಕ್ಷಿ ಹೇಳುತ್ತದೆ. ಕನ್ನಡದಲ್ಲಿ 'ಬಲ'ವೆಂದರೆ ಒಂದು ದಿಕ್ಕೂ ಹೌದು, ಶಕ್ತಿಯೂ ಹೌದು. ನಂಬಿಕಸ್ಥನು 'ಬಲಗೈ ಬಂಟ'. ಹೊಸ ಸೊಸೆ ಬಲಗಾಲಿಟ್ಟು ಒಳಗೆ ಬರಬೇಕು. ಕೆಟ್ಟುಹೋದ ಕೆಲಸಕ್ಕೆ 'ಎಡವಟ್ಟು' ಎನ್ನುವಾಗ, ನಡೆಯುವವನು 'ಎಡವಿದ' ಎನ್ನುವಾಗ ಕಿವಿಗೆ ಬೀಳುವುದು ಎಡವೇ. ಸಂಸ್ಕೃತದಲ್ಲಿ ದಕ್ಷಿಣವು ಬಲಭಾಗ, ದಕ್ಷನು ಸಮರ್ಥ. 'ವಾಮ' ಎಂಬ ಪದಕ್ಕೆ ಎಡ, ಪ್ರತಿಕೂಲ ಎಂಬ ಅರ್ಥಗಳ ಜೊತೆಗೆ ಸುಂದರ ಎಂಬ ಅರ್ಥವೂ ಇದೆಯೆಂಬುದು ಸಮಾಧಾನದ ಸಂಗತಿ. ಆದರೆ ನಾವು ದಿನನಿತ್ಯ ಬಳಸುವುದು 'ವಾಮಮಾರ್ಗ'ವನ್ನೇ ಹೊರತು 'ವಾಮಲೋಚನೆ'ಯನ್ನಲ್ಲ. ಲ್ಯಾಟಿನ್ನಿನ 'ದೆಕ್ಸ್ತೆರ್' ಬಲವೂ ಹೌದು, ಕುಶಲವೂ ಹೌದು. 'ಸಿನಿಸ್ತೆರ್' ಎಡವೂ ಹೌದು, ಅಶುಭವೂ ಹೌದು. ಇಂಗ್ಲಿಷಿನ 'ರೈಟ್' ಒಂದೇ ಉಸಿರಿನಲ್ಲಿ ಬಲ, ಸರಿ, ಹಕ್ಕು ಎಂಬ ಮೂರನ್ನೂ ಹೇಳಿಬಿಡುತ್ತದೆ. ಪರಸ್ಪರ ದೂರದ ಭಾಷೆಗಳು ಹೀಗೆ ಒಂದೇ ತೀರ್ಪು ಕೊಟ್ಟಿರುವುದು ಆಕಸ್ಮಿಕವಿರಲಾರದು.

ಈ ತೀರ್ಪಿನ ಹಿಂದಿರುವ ಮನಸ್ಸನ್ನು ಮೊದಲು ಗಂಭೀರವಾಗಿ ಶೋಧಿಸಿದವನು ರಾಬರ್ ಹೆರ್ಟ್ಸ್ ಎಂಬ ಫ್ರೆಂಚ್ ತರುಣ. ಸಮಾಜಶಾಸ್ತ್ರಜ್ಞ ದುರ್ಕೈಮನ ಶಿಷ್ಯ. ಬಲಗೈಯ ಪ್ರಾಧಾನ್ಯವನ್ನು ಕುರಿತ ಅವನ ಪ್ರಬಂಧ ಪ್ರಕಟವಾದದ್ದು 1909ರಲ್ಲಿ. 1915ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ಅವನು ಮೊದಲನೆಯ ಮಹಾಯುದ್ಧದಲ್ಲಿ ಮಡಿದನು. ದೇಹ ಕೊಟ್ಟ ಅಂತರ ಚಿಕ್ಕದು, ಸಮಾಜ ಅದರ ಮೇಲೆ ಕಟ್ಟಿದ ಗೋಡೆ ದೊಡ್ಡದು ಎಂಬುದು ಅವನ ವಾದದ ತಿರುಳು. ಪವಿತ್ರವಾದದ್ದು, ಶುಭವಾದದ್ದು, ಪ್ರಮಾಣ ಮಾಡುವಂಥದ್ದು ಬಲಗೈಗೆ ಸೇರಿದವು. ಮೈಲಿಗೆ, ಮಾಟ, ಮರೆಮೋಸಗಳು ಎಡಗೈಗೆ ಬಂದವು. ಅಂದಿನ ಡಚ್ಚರ ಆಳ್ವಿಕೆಯ ದ್ವೀಪಗಳಲ್ಲಿ ಮಕ್ಕಳ ಎಡತೋಳನ್ನು ಬಳಸದಂತೆ ಕಟ್ಟಿಹಾಕುತ್ತಿದ್ದುದನ್ನು ಅವನು ಉದಾಹರಿಸುತ್ತಾನೆ. ಕಟ್ಟಿಹಾಕಿದ ತೋಳು ಸೊರಗುತ್ತದೆ. ಬಳಿಕ ಸೊರಗಿದ ತೋಳನ್ನು ತೋರಿಸಿ, ನೋಡಿ, ಇದು ಹುಟ್ಟಿನಿಂದಲೇ ಕೈಲಾಗದ್ದು ಎನ್ನುವುದು ಸುಲಭ.

ಅದೇ 1909ರ ನವೆಂಬರಿನಲ್ಲಿ, ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹೊರಟ ಕಿಲ್ಡೋನನ್ ಕ್ಯಾಸಲ್ ಎಂಬ ಹಡಗಿನಲ್ಲಿ ಗಾಂಧೀಜಿ 'ಹಿಂದ್ ಸ್ವರಾಜ್' ಬರೆಯುತ್ತಿದ್ದರು. ಹತ್ತು ದಿನಗಳಲ್ಲಿ 275 ಪುಟಗಳ ಹಸ್ತಪ್ರತಿ. ಬಲಗೈ ಸೋತಾಗ ಅವರು ನಿಲ್ಲಿಸಲಿಲ್ಲ, ಎಡಗೈಗೆ ಬರೆಯುವ ಕೆಲಸ ಕೊಟ್ಟರು. ಸುಮಾರು ನಲವತ್ತು ಪುಟಗಳು ಎಡಗೈಯ ಬರಹ. ಅಭ್ಯಾಸವಿಲ್ಲದ ಕೈ ಎಂಬುದು ಅಸಮರ್ಥ ಕೈಯೇನಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಡ. ಆದರೆ ಒಂದು ಮಾತು ಗಮನಿಸೋಣ. ಗಾಂಧೀಜಿ ತಮ್ಮ ಎಡಗೈಗೆ ಕೆಲಸ ಕೊಟ್ಟದ್ದು ತಮ್ಮ ಇಚ್ಛೆಯಿಂದ. ಮಗುವಿನ ಎಡಗೈಯಿಂದ ಕೆಲಸ ಕಿತ್ತುಕೊಳ್ಳುವುದು ಇತರರ ಇಚ್ಛೆಯಿಂದ. ಎರಡೂ 'ಅಭ್ಯಾಸ'ವೇ ಆದರೂ ನೀತಿಯ ದೃಷ್ಟಿಯಲ್ಲಿ ಇವೆರಡೂ ಒಂದಲ್ಲ.

ಹಾಗಾದರೆ ಬಲಗೈಯ ಸಂಪ್ರದಾಯವೆಲ್ಲ ಅನ್ಯಾಯವೇ? ಹಾಗೆ ಹೇಳುವವರ ಜೊತೆ ನಾನು ಪೂರ್ತಿ ಸೇರಲಾರೆ. ಒಂದೇ ತಟ್ಟೆಗೆ ಹಲವರು ಕೈ ಹಾಕುತ್ತಿದ್ದ, ನೀರು ದೂರವಿದ್ದ, ಸೋಪು ಇಲ್ಲದ ಕಾಲದಲ್ಲಿ ಉಣ್ಣುವ ಕೈಯನ್ನೂ ತೊಳೆಯುವ ಕೈಯನ್ನೂ ಬೇರೆಯಾಗಿಟ್ಟದ್ದು ವಿವೇಕದ ಕೆಲಸ. ಮರ್ಯಾದೆಯ ನಡವಳಿಕೆಯೂ ಒಂದು ಭಾಷೆಯೇ. ಅಂಗಡಿಯ ಅಮ್ಮನಿಗೆ ಎಡಗೈಯಲ್ಲಿ ದುಡ್ಡು ಚಾಚಿದರೆ ಆಕೆಗೆ ನೋವಾಗುತ್ತದೆಯೆಂದು ತಿಳಿದೂ ಚಾಚುವುದು ಸ್ವಾತಂತ್ರ್ಯವೇನಲ್ಲ. ಹಿರಿಯರಿಗೆ ಏನನ್ನಾದರೂ ಕೊಡುವಾಗ ಎರಡೂ ಕೈ ಸೇರಿಸಿ ಕೊಡುವ, ಅಥವಾ ಬಲಗೈಯ ಮೊಣಕೈಗೆ ಎಡಗೈ ಮುಟ್ಟಿಸಿಕೊಂಡು ಕೊಡುವ ನಮ್ಮ ಪದ್ಧತಿ ಎಷ್ಟು ಸೊಗಸಾಗಿದೆ! ಇಂಥದ್ದನ್ನು ಎಡಚ ಮಗುವಿಗೆ ಹೇಳಿಕೊಡುವುದರಲ್ಲಿ ಹಿಂಸೆಯಿಲ್ಲ. ಅದು ನಮಸ್ಕಾರ ಕಲಿಸಿದಂತೆ. ಆದರೆ ಬರೆಯುವುದು, ಕತ್ತರಿಸುವುದು, ಎಸೆಯುವುದು, ಹೊಲಿಯುವುದು ಮರ್ಯಾದೆಯ ಸಂಜ್ಞೆಗಳಲ್ಲ. ಅವು ಮಿದುಳು ಮತ್ತು ಸ್ನಾಯು ಕೂಡಿ ಮಾಡುವ ಕೆಲಸಗಳು. ಅಲ್ಲಿ ಬೆರಳ ಗೆಣ್ಣಿಗೆ ಬೀಳುವ ಅಡಿಕೋಲಿನ ಏಟಿಗೆ ಶುಚಿತ್ವದ ನೆಪವೂ ಇಲ್ಲ, ಸೌಜನ್ಯದ ನೆಪವೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಏಟು ಇಂದು ಕಡಿಮೆಯಾಗಿದೆ. 'ಛೀ, ಯಾವ ಕೈ ಅದು?' ಎಂಬ ಮಾತು ಇನ್ನೂ ನಿಂತಿಲ್ಲ. ಬಲಭಾಗಕ್ಕೆ ಹಲಗೆಯಿರುವ ಪರೀಕ್ಷಾ ಕೊಠಡಿಯ ಕುರ್ಚಿಯಂತೂ ಮಾತನ್ನೇ ಆಡುವುದಿಲ್ಲ. ಎಡಚ ವಿದ್ಯಾರ್ಥಿ ಮೂರು ಗಂಟೆ ಸೊಂಟ ತಿರುಚಿಕೊಂಡು ಬರೆದು ಏಳುತ್ತಾನೆ. ಆ ಕುರ್ಚಿಯನ್ನು ತರಿಸಿದವರಿಗೆ ಅವನ ಮೇಲೆ ದ್ವೇಷವೇನೂ ಇರಲಿಲ್ಲ. ಅವನೊಬ್ಬ ಇದ್ದಾನೆಂಬುದೇ ಅವರ ನೆನಪಿಗೆ ಬರಲಿಲ್ಲ, ಅಷ್ಟೆ.

ಇನ್ನು ಬಲಗೈಯವರ ಎಡಗೈಯ ಕಥೆ. ಇದು ನಮ್ಮಲ್ಲಿ ಬಹುಪಾಲು ಜನರ ಕಥೆ; ಆದುದರಿಂದಲೇ ಯಾರೂ ಹೇಳದ ಕಥೆ. 1987ರಲ್ಲಿ ಇವ್ ಗಿಯಾರ್ ಎಂಬ ಫ್ರೆಂಚ್ ಸಂಶೋಧಕ ಎರಡು ಕೈಗಳ ನಡುವಿನ ಕೆಲಸದ ಹಂಚಿಕೆಯನ್ನು ಕುರಿತು ಮಹತ್ವದ ಲೇಖನ ಬರೆದರು. ಬರೆಯುವುದು ಒಂದೇ ಕೈಯ ಕೆಲಸವೆಂದು ನಾವು ತಿಳಿದಿದ್ದೇವೆ. ಅವರು ಬರೆಯುವ ಹಾಳೆಯ ಕೆಳಗೆ ಕಾರ್ಬನ್ ಕಾಗದವಿಟ್ಟು ನೋಡಿದರು. ಮೇಲಿನ ಹಾಳೆಯಲ್ಲಿ ಪುಟ ತುಂಬ ಅಕ್ಷರ. ಕೆಳಗೆ ಮೇಜಿನ ಮೇಲೆ ಮೂಡಿದ ಗುರುತು ಮಾತ್ರ ಕಿರಿದಾದ ಜಾಗದಲ್ಲೇ ಒಂದರ ಮೇಲೊಂದು ಬಿದ್ದಿತ್ತು. ಕಾರಣ, ಬಲಗೈ ತನ್ನ ಜಾಗದಲ್ಲೇ ಇದ್ದಿತು, ಎಡಗೈ ಹಾಳೆಯನ್ನು ಸದ್ದಿಲ್ಲದೆ ಸರಿಸುತ್ತಿತ್ತು. ಎಡಗೈ ಹಾಳೆಯನ್ನು ಮುಟ್ಟದಂತೆ ತಡೆದರೆ ಬರವಣಿಗೆಯ ವೇಗ ಸುಮಾರು ಐದರಲ್ಲೊಂದು ಪಾಲು ಕುಗ್ಗುತ್ತದೆ. ಗಿಯಾರ್ ಕಂಡುಕೊಂಡದ್ದೇನೆಂದರೆ, ದುರ್ಬಲವೆನಿಸಿಕೊಂಡ ಕೈ ಮೊದಲು ಚಲಿಸಿ ನೆಲೆಯನ್ನು ಸಿದ್ಧಪಡಿಸುತ್ತದೆ. ಪ್ರಬಲವಾದ ಕೈ ಆ ನೆಲೆಯೊಳಗೆ ಬಂದು ಸೂಕ್ಷ್ಮ ಕೆಲಸ ಮಾಡುತ್ತದೆ.

ನಮ್ಮ ಹೊಲಗಳಲ್ಲಿ ಇದನ್ನು ನೋಡಲು ಕಾರ್ಬನ್ ಕಾಗದ ಬೇಕಿಲ್ಲ. ಭತ್ತ ಕೊಯ್ಯುವ ಹೆಂಗಸಿನ ಎಡಗೈ ಪೈರನ್ನು ಒಂದು ಹಿಡಿ ಕೂಡಿಸಿ, ಬಾಗಿಸಿ, ಬಿಗಿಹಿಡಿದ ಮೇಲೆಯೇ ಬಲಗೈಯ ಕುಡುಗೋಲಿಗೆ ಕೆಲಸ. ಕೂಡಿಸದ ಪೈರಿನ ಮೇಲೆ ಎಂಥ ಹರಿತವಾದ ಕುಡುಗೋಲೂ ಜಾರುತ್ತದೆ. ಆದರೂ ಕೊಯ್ದದ್ದು ಬಲಗೈ ಎನ್ನುತ್ತೇವೆ. ಕುಡುಗೋಲು ತಪ್ಪಿದರೆ ಗಾಯವಾಗುವುದು ಯಾವ ಕೈಗೆ ಎಂಬುದನ್ನೂ ಕೊಯ್ಲಿನವರನ್ನು ಕೇಳಬಹುದು. ವೀಣೆಯಲ್ಲಿ ಮೀಟುವುದು ಬಲಗೈ, ನಿಜ. ಆದರೆ ತಂತಿಯನ್ನೆಳೆದು ಗಮಕವನ್ನು ಹೊರಡಿಸುವುದು ಮೆಟ್ಟಿಲುಗಳ ಮೇಲಿರುವ ಎಡಗೈ. ಹಿಡಿದುಕೊಂಡಿರುವ ಕೈಗೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಹೆಸರಿಲ್ಲ. ಇದು ಅಂಗರಚನೆಯ ವಿಷಯ ಮಾತ್ರವಲ್ಲವೆಂದು ಓದುಗರಿಗೆ ಆಗಲೇ ಹೊಳೆದಿರಬಹುದು. ಹಬ್ಬದ ದಿನ ಪ್ರವಚನ ಮಾಡಿದ ಗುರುಗಳಿಗೆ ಹಾರ ಬೀಳುತ್ತದೆ. ಹಿಂದಿನ ರಾತ್ರಿ ಪೀಠದ ವಸ್ತ್ರಗಳನ್ನು ಒಗೆದು ಇಸ್ತ್ರಿ ಮಾಡಿದವರ ಹೆಸರು ವಂದನಾರ್ಪಣೆಯಲ್ಲಿ 'ಪ್ರತ್ಯಕ್ಷವಾಗಿ ಪರೋಕ್ಷವಾಗಿ ಸಹಕರಿಸಿದ ಎಲ್ಲರೂ' ಎಂಬುದರೊಳಗೆ ಮುಗಿದುಹೋಗುತ್ತದೆ.

ಕೈಯ ಈ ಭೇದವನ್ನು ಮನುಷ್ಯರ ಮೇಲೆಯೇ ಹೆಸರಾಗಿ ಬರೆದ ನಾಡು ನಮ್ಮದು. ಚೋಳರ ಕಾಲದಿಂದ, ಹನ್ನೊಂದನೆಯ ಶತಮಾನದಿಂದೀಚೆಗೆ, ತಮಿಳು ಶಾಸನಗಳಲ್ಲಿ 'ವಲಂಗೈ', 'ಇಡಂಗೈ' ಎಂಬ ಬಣಗಳು ಕಾಣಿಸಿಕೊಳ್ಳುತ್ತವೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬಲಗೈಗೆ ಹದಿನೆಂಟು, ಎಡಗೈಗೆ ಒಂಬತ್ತು ಜಾತಿಗಳೆಂದು ಬರೆದುಕೊಂಡನು. ಯಾವ ಬೀದಿಯಲ್ಲಿ ಯಾರ ಮದುವೆಯ ಮೆರವಣಿಗೆ ಹೋಗಬೇಕು, ಯಾರು ಕುದುರೆ ಏರಬಹುದು ಎಂಬುದಕ್ಕೆಲ್ಲ ಇವರ ನಡುವೆ ಜಗಳಗಳಾದವು. 1707ರಲ್ಲಿ ಮದರಾಸು ಪಟ್ಟಣ ಇಂಥದೇ ಗಲಭೆಯನ್ನು ಕಂಡಿತು. ಆ ಬಣಗಳು ಕರಗಿಹೋದರೂ ಕರ್ನಾಟಕದ ದಲಿತ ಸಮುದಾಯಗಳ ನಡುವೆ 'ಎಡಗೈ', 'ಬಲಗೈ' ಎಂಬ ಹೆಸರುಗಳು ಇಂದಿಗೂ ಉಳಿದಿವೆ. ಒಳಮೀಸಲಾತಿಗಾಗಿ ದಶಕಗಳ ಹೋರಾಟ ನಡೆಯಿತು. ನ್ಯಾಯಮೂರ್ತಿ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು. 2024ರ ಆಗಸ್ಟ್ 1ರಂದು ಸರ್ವೋಚ್ಚ ನ್ಯಾಯಾಲಯ ಒಳವರ್ಗೀಕರಣಕ್ಕೆ ರಾಜ್ಯಗಳಿಗೆ ಅಧಿಕಾರವಿದೆಯೆಂದಿತು. 2025ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟ ಶೇಕಡಾ 17ರ ಮೀಸಲಾತಿಯನ್ನು ಬಲಗೈಗೆ ಆರು, ಎಡಗೈಗೆ ಆರು, ಉಳಿದವರಿಗೆ ಐದು ಎಂದು ಹಂಚಲು ತೀರ್ಮಾನಿಸಿತು. ಅಂಕಿಗಳ ವಾದ ಇಲ್ಲಿ ನನ್ನ ವಿಷಯವಲ್ಲ. ಎಲ್ಲರಿಂದಲೂ ಅಸ್ಪೃಶ್ಯರೆನಿಸಿಕೊಂಡವರ ನಡುವೆಯೂ ಒಂದು ಬಲ, ಒಂದು ಎಡ ಬೇಕಾಯಿತೆಂಬುದು ನನ್ನನ್ನು ಕಾಡುವ ವಿಷಯ. ಈ ರೋಗದಿಂದ ನಮ್ಮ ಧರ್ಮಸಭೆಯೂ ಹೊರತಲ್ಲ.

ಪವಿತ್ರ ಗ್ರಂಥ ಏನನ್ನುತ್ತದೆ? ಅದೂ ಬಲಗೈಯ ಲೋಕದಲ್ಲೇ ಹುಟ್ಟಿದ ಗ್ರಂಥ. ದೇವರ ಬಲಗೈ ಗೆಲ್ಲುತ್ತದೆ. ಕೊನೆಯ ತೀರ್ಪಿನಲ್ಲಿ ಕುರಿಗಳು ಬಲಕ್ಕೆ, ಆಡುಗಳು ಎಡಕ್ಕೆ. ಇದನ್ನು ಮುಚ್ಚಿಡಬೇಕಾಗಿಲ್ಲ. ನ್ಯಾಯಸ್ಥಾಪಕರ ಗ್ರಂಥದಲ್ಲಿ 'ಬಲಗೈಯ ಮಗ' ಎಂಬ ಅರ್ಥದ ಹೆಸರುಳ್ಳ ಬೆನ್ಯಾಮೀನನ ಕುಲದಲ್ಲೇ ಎಡಚ ಏಹೂದನೂ, ಕವಣೆ ಬೀಸಿದರೆ ಕೂದಲೆಳೆಯಷ್ಟೂ ಗುರಿ ತಪ್ಪದ ಏಳುನೂರು ಎಡಚರೂ ಕಾಣಿಸುತ್ತಾರೆ. ಆದರೆ ಅವರು ನೆನಪಾಗುವುದು ಶತ್ರುವಿಗೆ ನಿರೀಕ್ಷೆಯಿಲ್ಲದ ಕಡೆಯಿಂದ ಬಿದ್ದ ಪೆಟ್ಟಿಗಾಗಿ. ನಮಗೂ ಎಡಗೈ ಪ್ರಿಯವಾಗುವುದು ಕ್ರಿಕೆಟ್ ಮೈದಾನದಲ್ಲಿ ಮಾತ್ರ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಮುಖ್ಯವೆನಿಸುವುದು ಆದಿಕಾಂಡದ 48ನೆಯ ಅಧ್ಯಾಯ. ಕಣ್ಣು ಮಂಜಾದ ಮುದುಕ ಯಕೋಬ ಮೊಮ್ಮಕ್ಕಳನ್ನು ಆಶೀರ್ವದಿಸಬೇಕು. ಜೋಸೆಫನು ಹಿರಿಯ ಮನಸ್ಸೆಯನ್ನು ಅಜ್ಜನ ಬಲಗೈಯ ಬಳಿಗೂ ಕಿರಿಯ ಎಫ್ರಯಿಮನನ್ನು ಎಡಗೈಯ ಬಳಿಗೂ ತಂದು ನಿಲ್ಲಿಸುತ್ತಾನೆ. ಮುದುಕ ತೋಳುಗಳನ್ನು ಅಡ್ಡಡ್ಡ ಚಾಚಿ ಬಲಗೈಯನ್ನು ಕಿರಿಯವನ ತಲೆಯ ಮೇಲಿಡುತ್ತಾನೆ. ಜೋಸೆಫನಿಗೆ ಸಂಕಟ. ತಂದೆಯ ಕೈಯನ್ನೇ ಹಿಡಿದು ಬದಲಾಯಿಸಲು ಹೋಗುತ್ತಾನೆ, ಬಳಪ ಬಿಡಿಸುವ ಅಜ್ಜಿಯಂತೆಯೇ. ತನಗೆ ಗೊತ್ತಿದೆ ಎಂದು ಹೇಳಿ ಯಕೋಬ ಕೈ ಕದಲಿಸುವುದಿಲ್ಲ. ಅವನು ಬಲಗೈಯ ಮಾನವನ್ನು ಅಲ್ಲಗಳೆಯಲಿಲ್ಲ. ಆ ಮಾನ ಯಾರಿಗೆ ಸಲ್ಲಬೇಕೆಂಬ ಲೋಕದ ಲೆಕ್ಕವನ್ನು ತಿರುಗಿಸಿದ, ಅಷ್ಟೆ.

ಲೋಕದ ಲೆಕ್ಕ ಮಾತ್ರ ಅಷ್ಟು ಸುಲಭವಾಗಿ ತಿರುಗುವುದಿಲ್ಲ. ಯೇಸುಸ್ವಾಮಿಯ ಮಹಿಮೆಯಲ್ಲಿ ಬಲಕ್ಕೊಬ್ಬ ಎಡಕ್ಕೊಬ್ಬ ಕುಳಿತುಕೊಳ್ಳುವ ಜಾಗ ಕೇಳಿದವರು ಜೆಬೆದಾಯನ ಮಕ್ಕಳು. ಕಲ್ವಾರಿಯಲ್ಲಿ ಆ ಎರಡು ಜಾಗಗಳು ದೊರೆತದ್ದು ಇಬ್ಬರು ಅಪರಾಧಿಗಳಿಗೆ. ಅವರಲ್ಲಿ ಪಶ್ಚಾತ್ತಾಪಪಟ್ಟವನು ಯಾವ ಕಡೆಯಿದ್ದನೆಂದು ಶುಭಸಂದೇಶ ಹೇಳುವುದಿಲ್ಲ. ಚಿತ್ರಕಾರರು ಅವನನ್ನು ಬಲಕ್ಕೆ ಹಾಕಿದರು. ಬೇರೆ ಕಡೆ ಹಾಕಲು ಅವರಿಗೆ ಕೈ ಬರಲಿಲ್ಲ. ಇನ್ನು, ಬಲಗೈ ಕೊಟ್ಟ ದಾನ ಎಡಗೈಗೆ ತಿಳಿಯಬಾರದೆಂಬ ಮಾತನ್ನು ನಾವು ದಾನದ ಗುಟ್ಟಿನ ಬಗ್ಗೆ ಮಾತ್ರ ಓದುತ್ತೇವೆ. ಅದರಲ್ಲಿ ಇನ್ನೊಂದು ನೆರಳೂ ನನಗೆ ಕಾಣುತ್ತದೆ: ಕೊಡುವ ಬಲವುಳ್ಳ ಕೈ, ತನ್ನ ಪಕ್ಕದಲ್ಲೇ ಇರುವ ಕಡಿಮೆ ಬಲದ ಕೈಯೆದುರು ಅದನ್ನು ಆಡಿಕೊಂಡು ತಿರುಗದಿರಲಿ.

ಎಡಗೈಯಲ್ಲಿ ಶಿಲುಬೆಯ ಗುರುತು ಹಾಕುವ ಮಕ್ಕಳ ಬಗ್ಗೆ ತಾಯಂದಿರು ಆಗಾಗ ಆತಂಕದಿಂದ ಕೇಳುವುದುಂಟು: "ಫಾದರ್, ಇವಳಿಗೆ ಎಷ್ಟು ಹೇಳಿದರೂ ಬರೋದೇ ಇಲ್ಲ." ಬಲಗೈಯ ಶಿಲುಬೆ ಗುರುತು ಸಮುದಾಯವೆಲ್ಲ ಒಟ್ಟಾಗಿ ಮಾಡುವ ಸಂಜ್ಞೆ, ಬೇಸರವಿಲ್ಲದೆ ಹೇಳಿಕೊಟ್ಟರೆ ಬರುತ್ತದೆ, ಅವಸರವೇನಿಲ್ಲ. ಪೆನ್ಸಿಲನ್ನು ಮಾತ್ರ ಅವಳ ಎಡಗೈಯಲ್ಲೇ ಬಿಟ್ಟುಬಿಡಿ ಎಂಬುದು ನನ್ನ ಉತ್ತರ. ಪರಮಪ್ರಸಾದದ ವಿಷಯವನ್ನೂ ಇಲ್ಲಿ ಹೇಳಬೇಕು. ನಾಲ್ಕನೆಯ ಶತಮಾನದ ಜೆರುಸಲೇಮಿನ ಸಂತ ಸಿರಿಲರ ಹೆಸರಿನಲ್ಲಿ ಬಂದಿರುವ ಉಪದೇಶವೊಂದು, ರಾಜನನ್ನು ಬರಮಾಡಿಕೊಳ್ಳುವ ಬಲಗೈಗೆ ಎಡಗೈಯನ್ನು ಸಿಂಹಾಸನವಾಗಿಸಿ ಎನ್ನುತ್ತದೆ. ಇಂದು ಕೈಯಲ್ಲಿ ಸ್ವೀಕರಿಸುವ ಕಡೆಗಳಲ್ಲಿ ಹೆಚ್ಚಿನವರು ಎಡ ಅಂಗೈಯನ್ನು ಮೇಲಿಟ್ಟು, ಅದರಲ್ಲಿ ಪಡೆದ ಪ್ರಸಾದವನ್ನು ಬಲಗೈಯಿಂದ ಎತ್ತಿಕೊಳ್ಳುತ್ತಾರೆ. ಪ್ರಭು ಮೊದಲು ಬಂದು ತಂಗುವುದು ತೊಳೆಯುವ ಕೈಯೆಂದು ನಾವು ಹಿಂದೆ ಸರಿಸಿಟ್ಟ ಕೈಯಲ್ಲಿ. ಎಡಚ ಮಗುವಿಗೆ ಇದು ತಿರುಗುಮುರುಗು. ಅದು ಬಲ ಅಂಗೈಯನ್ನು ಮೇಲಿಟ್ಟುಕೊಂಡು ಬರುತ್ತದೆ. ಸಾಲಿನಲ್ಲೇ ತಡೆದು ಕೈ 'ಸರಿಪಡಿಸುವ' ಉಪದೇಶಿಗಳು ಇದ್ದಾರೆ. ತಡೆಯಬೇಕಾಗಿಲ್ಲ. ಅದು ಎಡಗೈಯಿಂದ ಪ್ರಸಾದವನ್ನೆತ್ತಿ ಬಾಯಿಗಿಟ್ಟುಕೊಂಡು, ಬಲಗೈಯಿಂದ ಶಿಲುಬೆಯ ಗುರುತು ಹಾಕಿ, ತನ್ನ ಜಾಗಕ್ಕೆ ಹೋಗಿ ಮೊಣಕಾಲೂರುತ್ತದೆ.